ಬೀಗ ಎಂಬ ಪದ

ಮಾರ್ಚ್ 11, ಮಂಗಳವಾರ

ಇವತ್ತು ಕ್ಯಾಂಟೀನಿನಲ್ಲಿ ಪ್ರೊಫೆಸರ್ ಎಲ್ಲರೆದುರು ನನ್ನನ್ನು ಹೊಗಳಿದರು.

ಏಷ್ಯಾದ ಸಿದ್ಧ ಉಡುಪು ಕಾರ್ಖಾನೆಗಳ ದುಡಿಮೆಯ ಬಗ್ಗೆ ನಾನು ಬರೆದ ಲೇಖನದಲ್ಲಿ 'ಬೀಗ' ಎಂಬ ಪದ ಒರಟಾಯಿತು, 'ಪ್ರವೇಶ ನಿರ್ವಹಣೆ' ಎಂದು ಮಾಡಿ ಎಂದವರು ಅವರೇ. ಅವರ ಸಹಿ ಬೀಳದೆ ಮುಂದಿನ ವರ್ಷ ನನಗೆ ಈ ಸಂಶೋಧನಾ ಸಹಾಯಕಿಯ ಕೆಲಸವಿಲ್ಲ. ಎಲ್ಲ ಕಡೆ ಒಂದೇ ಸಲಕ್ಕೆ ಬದಲಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಪೆದ್ದಿ ನಾನು, ಅದರೊಳಗೆ ಅಕ್ಕನ ಮಾತೂ ಇದೆ ಎನ್ನುವುದನ್ನೇ ಮರೆತೆ. ಅಂಥದ್ದೇ ಒಂದು ಕಾರ್ಖಾನೆಯ ಹಾಸ್ಟೆಲಿನಲ್ಲಿರುವ ಅಕ್ಕ ಈಗ ನನ್ನ ಪುಟದಲ್ಲಿ ಹೇಳುತ್ತಾಳೆ: "ರಾತ್ರಿ ಆದ್ರೆ ಹೊರಗಿಂದ ಪ್ರವೇಶ ನಿರ್ವಹಣೆ ಹಾಕ್ತಾರೆ ಕಣೇ."

"ನೋಡಿ, ಕೆಲಸದವರ ಬಾಯಲ್ಲೇ ನಮ್ಮ ಪದ ಬಂದಿದೆ! ಲೇಖನದ ಜೀವಾನೇ ಆ ಸಾಲು," ಎಂದರು ಪ್ರೊಫೆಸರ್. ತಪ್ಪಾಗಿದೆ ಎಂದು ಬಾಯಿ ಬಿಟ್ಟರೆ ಲೇಖನವೂ ಹೋಯಿತು, ಕೆಲಸವೂ ಹೋಯಿತು. ಬಾಯಲ್ಲಿ ಬಿಸಿ ತುಪ್ಪ ಎನ್ನುತ್ತಾರಲ್ಲ, ತುಪ್ಪವಾದರೂ ಆರುತ್ತದೆ.

ಆಮೇಲೆ ಅಕ್ಕನ ಫೋನು.

"ನನ್ನ ಮಾತು ಹಾಕಿದ್ಯಾ?"

"ಹೂಂ ಅಕ್ಕ."

"ನಾನು ಹೇಳಿದ ಹಾಗೇ ತಾನೆ?"

"ಹೂಂ."

ಅವಳ ಹಿಂದೆ ಕಬ್ಬಿಣದ ಬಾಗಿಲು ಎಳೆದ ಸದ್ದು. "ಬಂದ್ರು ಕಣೇ, ಹಾಕ್ತಿದ್ದಾರೆ, ಇಡ್ತೀನಿ," ಎಂದಳು.

ಏನು ಹಾಕುತ್ತಿದ್ದಾರೆ ಎಂದು ಅವಳು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅದಕ್ಕೊಂದು ಹೆಸರಿತ್ತು. ಇಡೀ ಲೇಖನ ತಡಕಾಡಿದರೂ ಈಗ ಆ ಹೆಸರು ಒಂದು ಕಡೆಯೂ ಸಿಗುವುದಿಲ್ಲ.