ತಿರುಗಿ ಹೋದ ದೋಣಿ

ಅಕ್ಕನ ಗಂಡನೂ ನನ್ನ ಜಗಳದ ಜೊತೆಗಾರನೂ ಆದ ಭಾವನಿಗೆ,

ಈ ಮಳೆಗಾಲ ಹೊಳೆಯನ್ನು ನಾನೊಬ್ಬನೇ ತಡೆದು ನಿಲ್ಲಿಸಿದೆ. ಬಸ್ರೂರಿನಿಂದ ತಲ್ಲೂರಿನವರೆಗೆ ಕೇಳಿ ನೋಡು, ಈಗ ನನ್ನ ಅಪ್ಪಣೆ ಇಲ್ಲದೆ ನೀರು ಮೇಲೇರುವುದಿಲ್ಲ. ನಗುವುದಾದರೆ ಜೋರಾಗಿ ನಗು, ಇಲ್ಲಿಗೆ ಕೇಳಲಿ. ನಿನ್ನ ಹಿಂದೆಯೇ ಅಕ್ಕನೂ ಹೊರಟಳು. ನನ್ನ ಸುಳ್ಳನ್ನು ಸುಳ್ಳು ಎನ್ನುವವರೇ ಈಗಿಲ್ಲ. ಉಳಿದವರು ತಲೆ ಆಡಿಸಿ ಎದ್ದು ಹೋಗುತ್ತಾರೆ.

ಕಾಲೇಜಿನ ಸಂಶೋಧಕರು ನಮ್ಮ ಕುದ್ರುವಿಗೆ ಮೊದಲು ಬಂದ ದಿನ ನೀನಿರಬೇಕಿತ್ತು. ಹೊಳೆ ನಡುವಿನ ಈ ಚೂರು ನೆಲದವರಿಗೆ ನೆರೆಯ ಪಾಠ ಹೇಳಲು ಬಂದರು ಎಂದುಕೊಂಡಿದ್ದೆ. ಆದರೆ ಅವರ ಮೇಡಂ ಕೇಳಲು ಬಂದವರು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಕುದ್ರುವನ್ನು ನಮ್ಮ ಕೈಯಲ್ಲೇ ಬರೆಸಿದರು. ಮೊದಲು ದಾಟಿಸಬೇಕಾದ ಮುದುಕರ ಮನೆಗೆ ಒಂದೊಂದು ಹುಣಸೆ ಬೀಜ ಇಡಲು ಹೇಳಿದರು. ನಿನ್ನ ಮಗಳು ಲಲಿತ ನನ್ನ ಮನೆಗೂ ಇಡಲು ಬಂದಾಗ, ನಾನೆಲ್ಲಿ ಮುದುಕ ಎಂದು ಕೈ ಹಿಡಿದೆ. ಅವಳು ಎರಡು ಬೀಜ ಇಟ್ಟಳು.

ದೋಣಿ ಕಟ್ಟುವ ದಕ್ಕೆಯ ಕಂಬಕ್ಕೆ ಕೆಂಪು ಪಟ್ಟಿ ಬಳಿದದ್ದು ನಾನೇ. ಎಷ್ಟು ನೀರು ಬಂದರೆ ದೋಣಿ ಹೊರಡಬೇಕೆಂದು ನಾವು ಹೇಳಿದೆವು, ಅವರು ಅಳೆದರು. ದಿನವೂ ಕಂಬ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬರೆದು ಮುಗಿಸಿ ನಿನಗೇನೋ ಹೇಳಲು ಹಿಂದೆ ತಿರುಗುತ್ತೇನೆ, ಆಮೇಲೆ...

ಕಳೆದ ವಾರ ಶಾಲೆಯ ಜಗಲಿಯಲ್ಲಿ ನೆರೆಯ ನಿಯಮ ಬರೆಯಲು ಕೂತೆವು. ಹಿಂದಿನ ನೆರೆಯಲ್ಲಿ ಎಲ್ಲರನ್ನೂ ದಾಟಿಸಿದ ಮೇಲೆ ನಿನ್ನ ದೋಣಿ ಯಾಕೆ ತಿರುಗಿ ಹೋಯಿತು ಎಂದು ಮೇಡಂ ಕೇಳಿದರು. ಅದು ತಿಳಿಯದಿದ್ದರೆ ಇನ್ನೊಬ್ಬರು ಹೀಗೆಯೇ ಹೋಗುತ್ತಾರೆ ಎಂದರು. ದನ ಬಿಚ್ಚಲು ಹೋದ ಎಂದು ಊರವರು ಹೇಳಿದರು. ಆ ಕತೆ ಹುಟ್ಟಿಸಿದವನು ಯಾರು, ಭಾವ?

ಆ ದಿನ ದಡದಲ್ಲಿ ಯಾರೋ ನನ್ನನ್ನು ಕೆಣಕಿದರು: "ಹ್ವಾಯ್, ನಿನ್ ಐವತ್ತ್ ಸಾವ್ರ ಎಂತ ಆಯ್ತ್?" ನನ್ನ ಬಳಿ ಇದೆ ಎಂದು ಊರಿಡೀ ಕೊಚ್ಚಿಕೊಂಡಿದ್ದ ದುಡ್ಡು ಅದು. ಮಾನ ಉಳಿಯಲೆಂದು, ಪೆಟ್ಟಿಗೆ ಅಟ್ಟದಲ್ಲೇ ಉಳಿಯಿತು ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ನೀನು ಹುಟ್ಟು ಎತ್ತಿಕೊಂಡು, ನನಗಷ್ಟೇ ಕೇಳುವಂತೆ, "ನೀ ಇಲ್ಲೇ ಕೂಕೋ. ನಾ ಹೋಯ್ ತಕಂಡ್ ಬತ್ತೆ" ಎಂದೆ. ಬೇಡ ಎನ್ನಲು ಬಾಯಿ ತೆರೆದೆ. ಸುತ್ತ ಜನ ಇದ್ದರು. ಮರುದಿನ ಸಿಕ್ಕಿದ್ದು ದೋಣಿ, ಅದರಾಚೆ ನೀನು. ನನ್ನ ಯಾವ ಮಾತನ್ನೂ ನಂಬದವನು ಅದೊಂದನ್ನು ಯಾಕೆ ನಂಬಿದೆ?

ಜಗಲಿಯಲ್ಲಿ ಎದ್ದು ನಿಂತೆ. ದನಕ್ಕಲ್ಲ, ನನ್ನ ಪೆಟ್ಟಿಗೆಗೆ ಹೋದ ಎಂದೆ. ದಾಟಿದ ದೋಣಿ ಸಾಮಾನಿಗಾಗಿ ತಿರುಗಬಾರದು ಎಂದು ಮೇಡಂ ಬರೆದುಕೊಂಡರು. ಎಲ್ಲರೂ ಕೈ ಎತ್ತಿದರು, ಲಲಿತಳೂ. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು: "ಅದ್ರೊಳ್ಗೆ ನಿಜಕ್ಕೂ ಅಷ್ಟ್ ದುಡ್ಡ್ ಇದ್ದಿತಾ ಮಾವ?" ಕಂಬ ನೋಡುವ ಹೊತ್ತಾಯಿತು ಎಂದು ದಕ್ಕೆಯತ್ತ ನಡೆದೆ.

ನಾಳೆ ಅವಳ ಮನೆಗೆ ಹೋಗಿ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಆದರೆ ಮೊದಲು ನಿನಗೆ ಗೊತ್ತಾಗಬೇಕು. ಆ ಪೆಟ್ಟಿಗೆಯಲ್ಲಿ ಇದ್ದದ್ದು ಮುನ್ನೂರ ಎಂಬತ್ತು ರೂಪಾಯಿ, ಭಾವ.