ವಿಭೂತಿ ಹಚ್ಚಿದ ಮೇಜು

ವಿನೋಬನಗರ, ದಾವಣಗೆರೆ
೧೨-೧೦-೧೯೯೮

ಚಿ. ಅಕ್ಕನಾಗಮ್ಮನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಉಂಡುಟ್ಟು ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ. ನಾನು ಯುದ್ಧದಲ್ಲಿದ್ದೆ.

ಹರಿಹರದ ನಮ್ಮ ಕಾರ್ಖಾನೆಯ ಆಫೀಸಿಗೆ ಬೆಂಗಳೂರಿನಿಂದ ಹೊಸ ಮ್ಯಾನೇಜರ್ ಬಂದಿದ್ದಾರೆ. ಬಂದವರೇ ಹದಿನೆಂಟು ಮೇಜಿನಲ್ಲಿ ಆರನ್ನು ಹೊರಗೆ ಹಾಕಿಸಿದರು. ಇನ್ನು ಯಾವ ಮೇಜೂ ಯಾರದ್ದೂ ಅಲ್ಲವಂತೆ. ಬೆಳಿಗ್ಗೆ ಖಾಲಿ ಇದ್ದಲ್ಲಿ ಕೂರಬೇಕು, ಸಂಜೆ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಮೇಜು ಬೋಳು ಮಾಡಿ ಹೋಗಬೇಕು. ಹೀಗಾದರೆ ನೌಕರರ ಮನಸ್ಸು ಹಗುರಾಗುತ್ತದಂತೆ! ಹಗುರಾಗಿದ್ದು ನೋಡಬೇಕಿತ್ತು ನೀನು. ಏಕಾಂತಪ್ಪ ಫ್ಯಾನಿನ ಕೆಳಗಿನ ಜಾಗಕ್ಕಾಗಿ ಏಳು ಗಂಟೆಗೇ ಬಂದು ಗೇಟಿನಲ್ಲಿ ನಿಲ್ಲುತ್ತಾನೆ. ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದವರು ಈಗ ಮಾತು ಬಿಟ್ಟಿದ್ದಾರೆ.

ಮೂಲೆಯ ಮೇಜು ಇಪ್ಪತ್ತೆರಡು ವರ್ಷದಿಂದ ನನ್ನದು. ಯಾವ ಊರಿಗೆ ಎಷ್ಟು ಮಾಲು ಎಂದು ಅಲ್ಲಿ ಕೂತೇ ಕೇಳಿ, ಬರೆದು, ಲಾರಿ ಹೊರಡಿಸಿದ್ದೇನೆ. ಬಾತಿ ಶಾಲೆಯಲ್ಲಿ ಏಳನೇ ಕ್ಲಾಸಷ್ಟೇ ಓದಿದ ನನ್ನ ಅಕ್ಷರ ಕಂಡು ಬಿ.ಕಾಂ. ಹುಡುಗರು ಇವತ್ತಿಗೂ ನಾಚುತ್ತಾರೆ.

ಆಯುಧಪೂಜೆ ಬಂತು. ನಮ್ಮಲ್ಲಿ ಅವರವರ ಮೇಜಿಗೆ ಅವರವರೇ ಪೂಜೆ ಮಾಡುವುದು ಮೊದಲಿಂದ ಬಂದ ಪದ್ಧತಿ. ಟೈಪಿಸ್ಟ್ ಉಚ್ಚಂಗಮ್ಮ ಕೇಳಿಯೇಬಿಟ್ಟಳು:

“ಸಾಹೇಬ್ರ, ಯಾರದ್ದೂ ಅಲ್ಲದ ಮೇಜಿಗೆ ಪೂಜಿ ಮಾಡಿದ್ರ ಪುಣ್ಯ ಯಾರಿಗ್ ಹೋಗ್ತೈತ್ರಿ?”

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ನಾನು ಮೂಲೆಯ ಮೇಜಿಗೆ ಮೂರು ಬೆರಳಿನ ವಿಭೂತಿ ಎಳೆದು, ಹೂವೇರಿಸಿ, ಊದಿನಕಡ್ಡಿ ಹಚ್ಚಿಬಿಟ್ಟೆ. ಹಬ್ಬ ಮುಗಿದರೂ ದಿನಾ ಮೊದಲ ಬಸ್ಸಿಗೆ ಹೋಗಿ ಹೊಸ ವಿಭೂತಿ ಹಚ್ಚಿದೆ. ಪೂಜೆಯಾದ ಮೇಜಿನ ಮೇಲೆ ಮೊಣಕೈ ಊರುವ ಗಂಡು ಯಾರಿದ್ದಾನೆ?

“ಏನ್ರೀ ಇದು, ಆಫೀಸೋ ದೇವಸ್ಥಾನವೋ?” ಎಂದು ಸಾಹೇಬರು ಕೆಂಡವಾದರು.

“ಎರಡೂ ಅಲ್ರಿ, ನನ್ ಮೇಜು.”

“ಅದೇ ಯಾಕೆ ಬೇಕು? ಕಾರಣ ಬರೆದುಕೊಡಿ. ಸರಿಯಾದ ಕಾರಣವಿದ್ದರೆ ಬಿಟ್ಟುಕೊಡ್ತೀನಿ. ಇಲ್ಲದಿದ್ದರೆ ಗೋದಾಮಿಗೆ ಹೋಗಿ.”

ನಾನು ದಪ್ಪಕ್ಷರದಲ್ಲಿ ಬರೆದುಕೊಟ್ಟೆ: “ನಾನು ಬಕ್ಕೇಶಪ್ಪ.”

ಇವತ್ತಿನಿಂದ ಗೋದಾಮು. ಮೀಸೆ ತಿರುವಿಕೊಂಡೇ ಹೋದೆ.

ನೀನು, ಅಳಿಯಂದಿರು ನೂರು ಕಾಲ ಸುಖವಾಗಿ ಬಾಳಿರಿ.

ನಿನ್ನ ಮಾವ,
ಬಕ್ಕೇಶಪ್ಪ

ಮರೆತಿದ್ದೆ: ಇದು ನಿನ್ನೊಬ್ಬಳಿಗೇ, ನಿಮ್ಮವ್ವನಿಗೆ ಹೇಳಬೇಡ. ಮೂರು ವರ್ಷದಿಂದ ನನ್ನ ಎಡಗಿವಿ ಕೇಳುವುದಿಲ್ಲ. ಆ ಮೂಲೆಯಲ್ಲಿ ಎಡಕ್ಕೆ ಗೋಡೆ, ಮಾತಾಡುವವರು ಬಲಕ್ಕೇ ಬರಬೇಕು. ಬೇರೆ ಮೇಜಿನಲ್ಲಿ ಕೂತ ಎರಡನೇ ದಿನವೇ ಸಂಡೂರಿನ ಮಾಲನ್ನು ಕಡೂರಿಗೆ ಕಳಿಸಿದೆ. ಸಾಹೇಬರ ಕಾಗದದಲ್ಲಿ ಮೊದಲು ನಿಜವನ್ನೇ ಬರೆದಿದ್ದೆ. ಹರಿದು ಹಾಕಿದೆ. ಕಿವುಡನೆಂದು ಕನಿಕರಿಸಿ ಕೊಟ್ಟ ಮೇಜು ನನಗೆ ಬೇಡ. ಗೋದಾಮಿನಲ್ಲಿ ಹಮಾಲರು ಎಲ್ಲವನ್ನೂ ಕೂಗಿಯೇ ಹೇಳುತ್ತಾರೆ. ಇವತ್ತು ಅವರ ಮೇಸ್ತ್ರಿ ಹಿದಾಯತ್ ಆ ತುದಿಯಿಂದ ಕೂಗಿದ್ದು ಒಂದಕ್ಷರ ಬಿಡದೆ ಕೇಳಿಸಿತು:

“ಸೊಕ್ಕಿನ ಸಾಹುಕಾರ ಬಂದ, ದಾರಿ ಬಿಡ್ರೋ!”