ಮೋಟುಗಾಲಿನ ಹೋರಿಯನ್ನು ತಂದವಳು

ಪ್ರೀತಿಯ ಅಕ್ಕಾ,

ನೀನು ಇಲ್ಲಿಂದ ಹೋಗಿ ಹನ್ನೊಂದು ತಿಂಗಳಾಯಿತು. ಫೋನಿನಲ್ಲಿ ನಾವಿಬ್ಬರೂ ಬಿಸಿಲು, ಮೇವು, ನಿನ್ನ ಮಂಡಿ, ನನ್ನ ಬೆನ್ನು ಎಂದು ಊರೆಲ್ಲ ಸುತ್ತುತ್ತೇವೆ. ಆ ದಿನದ ಹತ್ತಿರ ಮಾತು ಬಂದರೆ ಸಾಕು, ಯಾರಾದರೊಬ್ಬರು "ಸರಿ, ಇಡ್ತೀನಿ" ಎಂದುಬಿಡುತ್ತೇವೆ. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಡುವೆ ಹರಿದು ಹಾಕಬೇಡ, ಕೊನೆಯವರೆಗೂ ಓದು.

ನಿನಗೆ ನೆನಪಿದೆಯಲ್ಲ, ಈ ಮೂರು ಎಕರೆ ಕೊಂಡಾಗ ನಮಗೆ ಬಂದ ಬುದ್ಧಿವಾದಗಳು? ದೊಡ್ಡ ಹಸು ಕಟ್ಟಿ, ಹಾಲು ಹೊಳೆಯಾಗಿ ಹರಿಯುತ್ತದೆ ಎಂದವರೇ ಎಲ್ಲ. ನಲವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತು ಸವೆದ ಮಂಡಿ ನಿನ್ನದು, ಬಗ್ಗಿ ಬಗ್ಗಿ ಬಟ್ಟೆ ಕತ್ತರಿಸಿದ ಬೆನ್ನು ನನ್ನದು. ದೊಡ್ಡ ಹಸು ಒಂದು ಸಲ ಪಕ್ಕಕ್ಕೆ ವಾಲಿದರೆ ನಾವಿಬ್ಬರೂ ಗೋಡೆಗೆ ಅಂಟಿದ ಚಿತ್ರವಾಗುತ್ತಿದ್ದೆವು. ನೀನು ಒಂದು ವಾರ ನಾಲ್ಕು ಕೊಟ್ಟಿಗೆ ಸುತ್ತಿದೆ. ಹಲ್ಲು ನೋಡಿದೆ, ಗೊರಸು ಎತ್ತಿ ನೋಡಿದೆ, ಹತ್ತು ಹೆಜ್ಜೆ ನಡೆಸಿ ನೋಡಿದೆ. ಒಂದನ್ನೇ ಕಟ್ಟಿದರೆ ಕೊರಗಿ ಮೇವು ಬಿಡುತ್ತದೆ ಎಂದು ಎರಡನ್ನು ತಂದೆ. ನಮ್ಮ ಸೊಂಟದೆತ್ತರಕ್ಕೂ ಬಾರದ ಕಂದಿ, ಅವಳಿಗಿಂತ ಗಿಡ್ಡ ಬೊಟ್ಟು. ಪಕ್ಕದ ಹೊಲದ ಟ್ರ್ಯಾಕ್ಟರಿನವನು ಬೇಲಿಯ ಮೇಲಿಂದ ಇಣುಕಿ, "ಇದೇನಮ್ಮಾ, ಹಸುವೋ, ಮೇಕೆಯೋ?" ಎಂದ. ನೀನು ಥಟ್ಟನೆ, "ಹಾಸಿಗೆ ಇದ್ದಷ್ಟೇ ಕಾಲು ಕೊಟ್ಟಿದಾನಪ್ಪಾ ದೇವರು, ನಿನ್ನ ಥರ ಅಲ್ಲ" ಎಂದೆ. ಅವನು ಒಂದು ತಿಂಗಳು ಇತ್ತ ತಲೆ ಹಾಕಲಿಲ್ಲ.

ಆ ವರ್ಷ ನಾವು ಸುಖವಾಗಿದ್ದೆವು ಅಕ್ಕಾ. ತಂತಿ ಬೇಲಿಯ ಕೆಳಸಾಲಿನಲ್ಲಿ ಬೊಟ್ಟು ನುಸುಳುತ್ತಾಳೆಂದು ಇನ್ನೊಂದು ಸಾಲು ಎಳೆದೆವು. ಹಾಲು ಕರೆಯುವ ಮಣೆಯ ಕಾಲನ್ನು ಎರಡು ಸಲ ಕೊಯ್ದೆವು. ನಾನು ಪ್ರೀತಿಯಿಂದ ಹಿಂಡಿ ಜಾಸ್ತಿ ಹಾಕಿ ಕಂದಿ ಪಿಪಾಯಿಯಂತಾದಾಗ ನೀನು ಬಕೆಟ್ಟನ್ನೇ ಬೀಗ ಹಾಕಿ ಇಟ್ಟೆ.

ಈಗ ಹೋರಿಯ ವಿಷಯ.

ನಿನ್ನ ಮಂಡಿಯ ಆಪರೇಷನ್ ಆದ ವಾರ ನಾನೊಬ್ಬಳೇ ಹೋಗಿ ದೊರೆಯನ್ನು ತಂದೆ. "ಗಿಡ್ಡ ಹೋರಿ ಅಂತ ಇದೊಂದೇ ಇತ್ತು" ಎಂದು ನಿನಗೆ ಹೇಳಿದೆ. ಅದು ಸುಳ್ಳು. ಅಲ್ಲಿ ಎರಡು ಹೋರಿಗಳಿದ್ದವು. ಒಂದು ಮೈಯೆಲ್ಲ ಸಮನಾಗಿ ಸಣ್ಣದು. ಇನ್ನೊಂದು ದೊರೆ, ಮೈ ದಪ್ಪ, ಕಾಲು ಮಾತ್ರ ಮೋಟು, ಥೇಟ್ ನಮ್ಮ ಬೊಟ್ಟುವಿನ ಹಾಗೆ. ಸಾಕಿದ ಹೆಂಗಸು ಬಿಚ್ಚಿ ಹೇಳಿದಳು: "ನಿಮ್ಮನೇಲಿ ಮೋಟುಗಾಲಿನ ಹಸು ಇದ್ರೆ ಇದು ಬೇಡಮ್ಮಾ. ಎರಡೂ ಸೇರಿದ್ರೆ ಕರು ಉಳಿಯೋದು ಕಷ್ಟ. ಮೊದಲು ರಕ್ತ ಪರೀಕ್ಷೆ ಮಾಡಿಸಿ." ನಾನು ಕೇಳಿಸಿಕೊಂಡೆ. ಆದರೆ ದೊರೆ ನನ್ನ ಸೆರಗನ್ನು ಬಾಯಲ್ಲಿ ಹಿಡಿದು ನಿಂತಿದ್ದ. ಹುಟ್ಟಿದಾಗಿನಿಂದ ನನ್ನ ಬಟ್ಟೆ, ನನ್ನ ಶಾಲೆ, ನನ್ನ ಅಂಗಡಿ ಎಲ್ಲವನ್ನೂ ನೀನೇ ಆರಿಸಿದ್ದೆ, ಎಲ್ಲವನ್ನೂ ಸರಿಯಾಗಿಯೇ ಆರಿಸಿದ್ದೆ. ಇದೊಂದನ್ನು ನಾನು ಆರಿಸುತ್ತೇನೆ ಎನ್ನಿಸಿತು. ಮನೆಯಲ್ಲಿ ಮೋಟುಗಾಲಿಲ್ಲದ ಕಂದಿಯೊಬ್ಬಳೇ ಇದ್ದಾಳೆಂದು ಆ ಹೆಂಗಸಿಗೆ ಹೇಳಿ ಹೋರಿ ಹೊಡೆದುಕೊಂಡು ಬಂದೆ. ಬೊಟ್ಟುವಿನ ಹತ್ತಿರ ಬಿಡುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಮೂರೆಕರೆಯಲ್ಲಿ ಎಷ್ಟು ದಿನ ಬೇರೆ ಕಟ್ಟಿಯೇನು? ಒಂದು ಬೆಳಿಗ್ಗೆ ಎರಡೂ ಒಟ್ಟಿಗೆ ಮೇಯುತ್ತಿದ್ದವು. ನೀನು ಕಿಟಕಿಯಿಂದ ನೋಡಿ ನಕ್ಕೆ. ನಾನೂ ನಕ್ಕೆ.

ಬೊಟ್ಟು ದಿನ ತುಂಬುವ ಮೊದಲೇ ನೋವು ತಿಂದಳು. ಪಶುವೈದ್ಯರು ಬರುವುದು ತಡವಾಯಿತು. ಇನ್ನೂ ಪೂರ್ತಿ ವಾಸಿಯಾಗದ ಮಂಡಿಯನ್ನೇ ನೆಲಕ್ಕೂರಿ ನೀನು ಎರಡು ಗಂಟೆ ಒದ್ದಾಡಿದೆ. ಕರು ಹೊರಗೆ ಬಂದಾಗ ಉಸಿರಿರಲಿಲ್ಲ. ಮುಖ ಒಳಗೆ ಕುಸಿದಿತ್ತು. ನೀನು ಒಮ್ಮೆ ನೋಡಿ, ಮುಖ ತಿರುಗಿಸಿ, "ನಾನೇ ಎಳೆದು ಜಜ್ಜಿಬಿಟ್ಟೆ ಕಣೇ" ಎಂದೆ. ನಾನು ಕರುವಿನ ಮೇಲೆ ಗೋಣಿ ಹೊದಿಸಿದೆ.

ನೀನು ಕೈ ತೊಳೆಯಲು ಬಚ್ಚಲಿಗೆ ಹೋದಾಗ ವೈದ್ಯರು ಬಂದರು. ಗೋಣಿ ಸರಿಸಿ ನೋಡಿದ್ದೇ, "ಇದು ಯಾರ ಕೈಯಿಂದಲೂ ಆದದ್ದಲ್ಲ, ಹೊಟ್ಟೆಯಲ್ಲೇ ಹೀಗಿತ್ತು. ಮೋಟುಗಾಲಿಗೆ ಮೋಟುಗಾಲು ಸೇರಿಸಿದರೆ ನಾಲ್ಕರಲ್ಲಿ ಒಂದು ಹೀಗಾಗಬಹುದು. ಮಾರಿದವರು ಹೇಳಲಿಲ್ವಾ?" ಎಂದರು.

"ಇಲ್ಲ" ಎಂದೆ.

ಬೊಟ್ಟುವಿಗೆ ಸೂಜಿ ಚುಚ್ಚಿ ವೈದ್ಯರು ಹೊರಟುಹೋದಾಗಲೂ ಬಚ್ಚಲಿನಲ್ಲಿ ನೀರು ಬೀಳುತ್ತಲೇ ಇತ್ತು. ನೀನು ಎಷ್ಟು ಹೊತ್ತು ಕೈ ತೊಳೆದೆ ಅಕ್ಕಾ! ಬಾಗಿಲು ತಟ್ಟಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಬೊಟ್ಟು ಮೂರು ದಿನ ಕರುವಿಗಾಗಿ ಕೂಗಿದಳು. ನಾಲ್ಕನೆಯ ದಿನ ನೀನು ಪೆಟ್ಟಿಗೆ ತುಂಬಿ, "ನನ್ನ ಕೈಗುಣ ಹೋಯ್ತು, ಇನ್ನು ಮಗಳ ಮನೆಯಲ್ಲಿ ಸುಮ್ಮನೆ ಕೂತಿರ್ತೀನಿ" ಎಂದು ಹೊರಟೆ. ಪೆಟ್ಟಿಗೆಯನ್ನು ಗೇಟಿನವರೆಗೆ ಹೊತ್ತು ತಂದವಳು ನಾನೇ. ಆಗಲೂ ಹೇಳಲಿಲ್ಲ. ಹೇಳಿದರೆ ನೀನು ನನ್ನನ್ನು ಬಿಟ್ಟು ಹೋಗುತ್ತೀ ಎಂಬ ಭಯ. ಹೇಳದೆಯೂ ನೀನು ಹೋದೆ.

ಆಮೇಲೆ ನಾನು ಮೂರರದ್ದೂ ರಕ್ತ ಪರೀಕ್ಷೆ ಮಾಡಿಸಿದೆ. ಬೊಟ್ಟು, ದೊರೆ ಇಬ್ಬರಲ್ಲೂ ಆ ದೋಷ ಇದೆ, ಕಂದಿಯಲ್ಲಿ ಇಲ್ಲ. ದೊರೆಗೆ ಬೀಜ ಒಡೆಸಿದೆ. ಈಗ ಅವನು ಬೊಟ್ಟುವಿನ ಪಕ್ಕದಲ್ಲೇ ಮಲಗುತ್ತಾನೆ. ಹೋರಿ ಸಾಕಿದ ಹೆಂಗಸಿನ ಮನೆಗೆ ಹೋಗಿ ನಾನು ಮಾಡಿದ್ದನ್ನು ಹೇಳಿದೆ. ಅವಳು ಬಯ್ಯಲಿಲ್ಲ. ಕುಡಿಯಲು ನೀರು ಕೊಟ್ಟು, "ನಿಮ್ಮಕ್ಕಂಗೆ ಹೇಳಿದ್ರಾ?" ಎಂದಷ್ಟೇ ಕೇಳಿದಳು. ಅಲ್ಲಿಂದ ಬಂದ ಮೇಲೆ ಎರಡು ಸಲ ಕಾಗದ ತೆಗೆದೆ, ಎರಡು ಸಲವೂ ಮಡಿಸಿಟ್ಟೆ.

ಮೊನ್ನೆ ಭಾನುವಾರ ನಿನ್ನ ಅಳಿಯ ಸಿಹಿ ಕೊಡಲು ಬಂದಿದ್ದ. ಮೊಮ್ಮಗಳು ಹುಟ್ಟಿ ಹತ್ತು ದಿನವಾಯಿತಲ್ಲ. ನೀನು ತೊಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೀಯಂತೆ, ಆದರೆ ಕೂಸನ್ನು ಒಮ್ಮೆಯೂ ಮುಟ್ಟಿಲ್ಲವಂತೆ. ಸ್ನಾನ ಮಾಡಿಸಲು ದಿನವೂ ಹೊರಗಿನವಳು ಬರುತ್ತಾಳಂತೆ. "ಅತ್ತೆ ಕೈ ಚಾಚ್ತಾರೆ ಚಿಕ್ಕಮ್ಮಾ, ಆಮೇಲೆ ಹಿಂದಕ್ಕೆ ತಗೋತಾರೆ. ನಮ್ಮ ಮೇಲೇನಾದ್ರೂ ಸಿಟ್ಟಾ?" ಎಂದು ಆ ಪಾಪದವನು ನನ್ನನ್ನು ಕೇಳಿದ. ಸಾವಿರಾರು ಕೂಸುಗಳನ್ನು ಮೊದಲು ಮುಟ್ಟಿದ ಕೈ ನಿನ್ನದು. ಅದನ್ನು ಕಟ್ಟಿ ಹಾಕಿದವಳು ನಾನು.

ವೈದ್ಯರ ಬಳಿ ಒಂದು ಚೀಟಿ ಬರೆಸಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಮಾತನ್ನು ನಂಬಬೇಡ, ಅವರದ್ದನ್ನು ನಂಬು. ಕರು ನಿನ್ನ ಕೈಗೆ ಬರುವ ಮೊದಲೇ ಹೋಗಿತ್ತು. ನಿನ್ನ ಕೈಯಿಂದ ಬದುಕಿ ಉಳಿದವಳು ಬೊಟ್ಟು.

ಕ್ಷಮಿಸು ಎಂದು ಬರೆಯುವುದಿಲ್ಲ. ಬಯ್ಯಬೇಕೆನಿಸಿದರೆ ಬಯ್ಯಿ, ಮಾತು ಬಿಡಬೇಕೆನಿಸಿದರೆ ಬಿಡು, ನಾನು ತಡೆದುಕೊಳ್ಳುತ್ತೇನೆ. ಅದೆಲ್ಲ ಆಮೇಲೆ. ಈ ಕಾಗದವನ್ನು ಕೆಳಗಿಟ್ಟು, ಎದ್ದು, ಮೊದಲು ಕೂಸನ್ನು ಎತ್ತಿಕೋ.

ಆ ಕೂಸು ನಿನ್ನ ತೋಳಿನಲ್ಲಿ ಬೆಳೆದು ನೂರ್ಕಾಲ ಬಾಳಲಿ.

ನಿನ್ನ ತಪ್ಪಿತಸ್ಥ ತಂಗಿ